ಬಿದರಿ: ಕೂಡಿ ದುಡಿದ ಕೈಗಳ ಕಲೆ

ಕರ್ನಾಟಕದ ಭೂಪಟವನ್ನು ಬಿಡಿಸಿ ನೋಡಿದರೆ ಅದರ ನೆತ್ತಿಯ ಮೇಲೆ, ಮಹಾರಾಷ್ಟ್ರ ಮತ್ತು ತೆಲಂಗಾಣಗಳ ನಡುವೆ, ತಲೆಯೆತ್ತಿ ನಿಂತಿರುವ ಜಿಲ್ಲೆಯೇ ಬೀದರ. ಜನರು ಇದನ್ನು ಅಭಿಮಾನದಿಂದ ಕರ್ನಾಟಕದ ಕಿರೀಟವೆಂದು ಕರೆಯುತ್ತಾರೆ. ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣ ಮೊದಲಾದ ತಾಲ್ಲೂಕುಗಳನ್ನು ಒಳಗೊಂಡ ಈ ನೆಲದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. 12ನೆಯ ಶತಮಾನದಲ್ಲಿ ಕಾಯಕದ ಹಿರಿಮೆಯನ್ನು ಸಾರಿದ ಶರಣರು ನೆರೆದ ಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ. ದುಡಿಮೆಯನ್ನು ಗೌರವಿಸುವ ಇಂಥ ನೆಲದಲ್ಲಿ ಬೆಳೆದುಬಂದ ಒಂದು ಕಲೆ ತನ್ನ ಊರಿನ ಹೆಸರನ್ನೇ ಹೊತ್ತು ದೇಶವಿದೇಶಗಳಿಗೆ ಹೋಗಿದೆ. ಅದೇ ಬಿದರಿ.

ಭಾಲ್ಕಿಯಿಂದ ಬೀದರ ನಗರಕ್ಕೆ ಸುಮಾರು 40 ಕಿಲೋಮೀಟರು ದೂರ; ಬಸ್ಸೂ ಇದೆ, ರೈಲೂ ಇದೆ. ಭಾಲ್ಕಿ, ಔರಾದಗಳ ಶಾಲೆ, ಬ್ಯಾಂಕು, ಕಚೇರಿ, ಅಂಗಡಿಗಳಲ್ಲಿ ಕೂಡಿ ದುಡಿಯುವವರು ರಜೆಯ ದಿನ ಗುಂಪುಗೂಡಿ ಬೀದರವನ್ನು ನೋಡಲು ಹೊರಡುವುದುಂಟು. ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯನ್ನು ಕಟ್ಟಿಕೊಂಡು ಹೋಗಿ, ಕೋಟೆಯ ಮರದ ನೆರಳಿನಲ್ಲಿ ಕುಳಿತು ಹಂಚಿಕೊಂಡು ಉಣ್ಣುತ್ತಾರೆ. ವಾರವಿಡೀ ಒಂದೇ ಸೂರಿನಡಿ ಇದ್ದರೂ ಅವರು ಒಬ್ಬರನ್ನೊಬ್ಬರು ಹುದ್ದೆಯಿಂದ ಮಾತ್ರ ಬಲ್ಲವರು. ಜೊತೆಯಲ್ಲಿ ನಡೆದು, ಜೊತೆಯಲ್ಲಿ ಉಂಡಾಗ ಮನುಷ್ಯರನ್ನಾಗಿ ಬಲ್ಲವರಾಗುತ್ತಾರೆ. ಹೀಗೆ ಬಂದವರು ಕೋಟೆಯನ್ನು ನೋಡಿ, ಮದರಸಾವನ್ನು ನೋಡಿ, ಮರಳುವಾಗ ಬಿದರಿಯ ಒಂದು ಪುಟ್ಟ ಡಬ್ಬಿಯನ್ನೋ ಹೂದಾನಿಯನ್ನೋ ಕೊಂಡೊಯ್ಯುತ್ತಾರೆ. ಈ ಮೂರು ನೋಟಗಳಿಗೂ ಒಳಗಿನ ನಂಟೊಂದಿದೆ. ಅದನ್ನು ಅರಿತು ನೋಡಿದರೆ ಪ್ರವಾಸವು ಬರಿಯ ತಿರುಗಾಟವಾಗಿ ಉಳಿಯುವುದಿಲ್ಲ.

ಬಹಮನಿ ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ. ಮೊದಲಿಗೆ ಕಲಬುರ್ಗಿ ಅದರ ರಾಜಧಾನಿಯಾಗಿತ್ತು. 15ನೆಯ ಶತಮಾನದ ಮೊದಲರ್ಧದಲ್ಲಿ ಸುಲ್ತಾನ ಅಹ್ಮದ್ ಷಾ ವಲಿಯು ರಾಜಧಾನಿಯನ್ನು ಬೀದರಕ್ಕೆ ವರ್ಗಾಯಿಸಿದನು. ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ ಭದ್ರವಾದ ಕೋಟೆ ಎದ್ದಿತು. ಬಂಡೆಯನ್ನೇ ಕೊರೆದು ತೋಡಿದ ಕಂದಕವು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ. ಕೋಟೆಯೊಳಗೆ ಗಗನ ಮಹಲ್, ತರ್ಕಶ್ ಮಹಲ್, ಸೋಲಾ ಖಂಬಾ ಮಸೀದಿ ಮೊದಲಾದ ಕಟ್ಟಡಗಳಿವೆ. ಊರಿನ ನಡುವೆ ನಾಲ್ಕು ದಾರಿಗಳು ಕೂಡುವೆಡೆಯಲ್ಲಿ ಚೌಬಾರವೆಂಬ ಎತ್ತರದ ಗುಂಡು ಬುರುಜು ಕಾವಲುಗಾರನಂತೆ ನಿಂತಿದೆ. ಊರಾಚೆಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲಿದೆ. ಅಹ್ಮದ್ ಷಾ ವಲಿಯ ಸಮಾಧಿಯ ಉರುಸಿಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನೆರೆಯುತ್ತಾರೆ.

ಕೋಟೆಯೊಳಗಿನ ಕಟ್ಟಡಗಳಲ್ಲಿ ರಂಗೀನ್ ಮಹಲ್ ಗಾತ್ರದಲ್ಲಿ ಚಿಕ್ಕದು, ಕುಸುರಿಯಲ್ಲಿ ದೊಡ್ಡದು. ಮರದ ಕಂಬಗಳ ಕೆತ್ತನೆಯೂ ಬಣ್ಣದ ಹೆಂಚುಗಳೂ ಅಲ್ಲಿ ಕಣ್ಸೆಳೆಯುತ್ತವೆ. ಅವೆಲ್ಲಕ್ಕಿಂತ ಮಿಗಿಲಾದುದು ಬಾಗಿಲುವಾಡದ ಕಪ್ಪು ಕಲ್ಲಿನಲ್ಲಿ ಕೂರಿಸಿರುವ ಮುತ್ತಿನ ಚಿಪ್ಪಿನ ಬಳ್ಳಿ. ಕಲ್ಲನ್ನು ನವಿರಾಗಿ ಕೊರೆದು, ಚಿಪ್ಪನ್ನು ಅದೇ ಆಕಾರಕ್ಕೆ ಕತ್ತರಿಸಿ, ಒಂದರೊಳಗೊಂದು ಕೂಡುವಂತೆ ಇರಿಸಲಾಗಿದೆ. ಕಗ್ಗತ್ತಲೆಯ ಮೇಲೆ ಬೆಳುದಿಂಗಳು ಬರೆದ ಗೆರೆಗಳಂತೆ ಅವು ಮಿನುಗುತ್ತವೆ. ಇದನ್ನು ಕಂಡವರಿಗೆ ಬಿದರಿಯ ಸೊಗಸು ಬೇಗ ಅರ್ಥವಾಗುತ್ತದೆ. ಅಲ್ಲಿ ಕಪ್ಪು ಕಲ್ಲು, ಇಲ್ಲಿ ಕಪ್ಪು ಲೋಹ. ಅಲ್ಲಿ ಚಿಪ್ಪು, ಇಲ್ಲಿ ಬೆಳ್ಳಿ. ಎರಡರ ಹಿಂದೆ ಇರುವ ಕಣ್ಣು ಒಂದೇ ಬಗೆಯದು.

ಕೋಟೆಯಿಂದ ಚೌಬಾರದ ಕಡೆಗೆ ಬರುವ ಹಾದಿಯಲ್ಲಿ ಮಹಮೂದ್ ಗಾವಾನನ ಮದರಸಾ ಇದೆ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು 1453ರ ಸುಮಾರಿಗೆ ಬೀದರಕ್ಕೆ ಬಂದ ಗಾವಾನನು ತನ್ನ ವಿದ್ಯೆ, ಪ್ರಾಮಾಣಿಕತೆಗಳಿಂದ ಬಹಮನಿ ರಾಜ್ಯದ ಪ್ರಧಾನಿಯ ಪದವಿಗೇರಿದನು. 1472ರಲ್ಲಿ ಅವನು ಕಟ್ಟಿಸಿದ ಈ ವಿದ್ಯಾಲಯವು ಮೂರು ಅಂತಸ್ತಿನದು. ಸುಮಾರು 205 ಅಡಿ ಉದ್ದ, 180 ಅಡಿ ಅಗಲವಾದುದು. ವಿದ್ವಾಂಸರಿಗೂ ವಿದ್ಯಾರ್ಥಿಗಳಿಗೂ ಅಲ್ಲಿ ವಸತಿಯಿತ್ತು; ದೊಡ್ಡ ಗ್ರಂಥಭಂಡಾರವಿತ್ತು. 1696ರಲ್ಲಿ ನಡೆದ ಸಿಡಿಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗ ಉರುಳಿತು. ಉಳಿದ ಒಂದು ಮಿನಾರು ನೀಲಿ, ಬಿಳಿ, ಹಳದಿ ಹೆಂಚುಗಳ ತುಣುಕುಗಳನ್ನು ಹೊತ್ತು ಇಂದಿಗೂ ನಿಂತಿದೆ.

ಗಾವಾನನ ಬಾಳು ಮುಗಿದ ರೀತಿ ಬಹು ದಾರುಣವಾದುದು. ಅವನ ಏಳಿಗೆಯನ್ನು ಸಹಿಸದ ಕೆಲವರು ಆಸ್ಥಾನದಲ್ಲಿದ್ದರು. ಅವನೊಡನೆಯೇ ರಾಜ್ಯದ ಕೆಲಸವನ್ನು ನಡೆಸುತ್ತಿದ್ದವರು. ಇತಿಹಾಸಕಾರರು ಹೇಳುವಂತೆ ಅವರು ಗಾವಾನನ ಮುದ್ರೆಯನ್ನು ಕಾಯುತ್ತಿದ್ದವನನ್ನು ಒಲಿಸಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಅನಂತರ ಅದರಲ್ಲಿ, ಒರಿಸ್ಸಾದ ಅರಸನನ್ನು ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವಂತೆ ಸುಳ್ಳು ಪತ್ರವನ್ನು ಬರೆದು ಸುಲ್ತಾನನ ಕೈಗಿತ್ತರು. ಮುದ್ರೆ ನಿಜವಾದುದು, ಬರಹ ಸುಳ್ಳಾದುದು. ಸುಲ್ತಾನ ಮೂರನೆಯ ಮಹಮ್ಮದ್ ಷಾ ವಿಚಾರಿಸದೆ 1481ರಲ್ಲಿ ಆ ವೃದ್ಧ ಮಂತ್ರಿಯ ಶಿರಚ್ಛೇದ ಮಾಡಿಸಿದನು. ಸತ್ಯವನ್ನರಿತು ಪಶ್ಚಾತ್ತಾಪಪಟ್ಟರೂ ಹೋದ ಜೀವ ಬರಲಿಲ್ಲ. ಕೂಡಿ ದುಡಿಯುವವರೊಳಗೆ ನಂಬಿಕೆ ಸತ್ತಾಗ ಎಂಥ ದೊಡ್ಡ ರಾಜ್ಯವೂ ಬಾಳಲಾರದು ಎಂಬುದಕ್ಕೆ ಇದೇ ಸಾಕ್ಷಿ. ಕೆಲವೇ ವರ್ಷಗಳಲ್ಲಿ ಬಹಮನಿ ರಾಜ್ಯ ಒಡೆದು ಚೂರಾಗತೊಡಗಿತು.

ಆಸ್ಥಾನದಲ್ಲಿ ಉಳಿಯದ ಆ ನಂಬಿಕೆ ಕುಶಲಕರ್ಮಿಗಳ ಕಾರ್ಖಾನೆಗಳಲ್ಲಿ ಉಳಿದು ಬಂದಿತು. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನ ಕಡೆಯಿಂದ ಬಂದ ಕುಶಲಿಗಳೂ ಇಲ್ಲಿಯ ಕುಶಲಿಗಳೂ ಕೂಡಿ ಬಿದರಿ ಕಲೆಯನ್ನು ಬೆಳೆಸಿದರೆಂದು ಪ್ರತೀತಿ. ಮುಸಲ್ಮಾನರೂ ಲಿಂಗಾಯತರೂ ಇದನ್ನು ಕಸುಬಾಗಿ ನಡೆಸಿಕೊಂಡು ಬಂದಿದ್ದಾರೆ. ಇಂದಿಗೂ ಬೀದರದ ಹಳೆಯ ಓಣಿಗಳಲ್ಲಿ ನಡೆಯುವಾಗ ಸುತ್ತಿಗೆಯ ಸಣ್ಣ ಸದ್ದು ಕಿವಿಗೆ ಬೀಳುತ್ತದೆ. ಆ ಸದ್ದನ್ನು ಅನುಸರಿಸಿ ಒಳಹೊಕ್ಕರೆ, ಬಿದರಿಯ ಒಂದು ಪಾತ್ರೆ ಎಷ್ಟು ಕೈಗಳನ್ನು ದಾಟಿ ಬರುತ್ತದೆಂಬುದು ತಿಳಿಯುತ್ತದೆ.

ಮೊದಲನೆಯದು ಎರಕದವನ ಕೈ. ಸತು ಮತ್ತು ತಾಮ್ರಗಳ ಮಿಶ್ರಲೋಹ ಬಿದರಿಗೆ ಮೂಲ. ಸಾಮಾನ್ಯವಾಗಿ 16 ಭಾಗ ಸತುವಿಗೆ 1 ಭಾಗ ತಾಮ್ರ. ಮಣ್ಣಿಗೆ ಹರಳೆಣ್ಣೆ, ರಾಳಗಳನ್ನು ಬೆರೆಸಿ ಹದಗೊಳಿಸಿ ಅಚ್ಚನ್ನು ಮಾಡುತ್ತಾರೆ. ಅದರಲ್ಲಿ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಆರಿದ ಮೇಲೆ ಹೊರತೆಗೆದ ಪಾತ್ರೆ ಮಂಕಾದ ಬೂದು ಬಣ್ಣದ್ದು, ಮೈಯೆಲ್ಲ ಒರಟು. ಅದನ್ನು ಅರದಿಂದ ಉಜ್ಜಿ, ಅನಂತರ ಉಜ್ಜುಕಾಗದದಿಂದ ತೀಡಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರನ್ನು ಅದರ ಮೇಲೆ ಸವರಿದಾಗ ತಾತ್ಕಾಲಿಕವಾದ ಕಪ್ಪು ಬರುತ್ತದೆ. ಇದು ಕೊನೆಯ ಕಪ್ಪಲ್ಲ. ಚಿತ್ರ ಬರೆಯುವವನಿಗೆ ಒದಗಿಸಿದ ಹಲಗೆ.

ಎರಡನೆಯದು ಚಿತ್ರಕಾರನ ಕೈ. ಚೂಪಾದ ಲೋಹದ ಮೊನೆಯಿಂದ ಅವನು ಪಾತ್ರೆಯ ಮೇಲೆ ನೇರವಾಗಿ ಹೂ, ಬಳ್ಳಿ, ನಕ್ಷತ್ರಗಳನ್ನು ಗೀರುತ್ತಾನೆ. ಮೂರನೆಯದು ಕೆತ್ತುವವನ ಕೈ. ಪಾತ್ರೆಯು ಅಲುಗದಂತೆ ಅದನ್ನು ಅರಗಿನಲ್ಲಿ ಕಚ್ಚಿಸಿ, ಸಣ್ಣ ಉಳಿಗಳಿಂದ ಗೆರೆಯ ಗುಂಟ ಕೊರೆಯುತ್ತಾನೆ. ನಾಲ್ಕನೆಯದು ಬೆಳ್ಳಿಯನ್ನು ಕೂರಿಸುವವನ ಕೈ. ಕೊರೆದ ಸಂದಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು, ಮೆಲ್ಲಗೆ ಸುತ್ತಿಗೆಯಿಂದ ಬಡಿದು ಒಳಸೇರಿಸುತ್ತಾನೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎಂದೂ ಹೆಸರು. ಒಮ್ಮೊಮ್ಮೆ ಒಬ್ಬನೇ ಎರಡು ಮೂರು ಕೆಲಸಗಳನ್ನು ಮಾಡುವುದುಂಟು. ಆದರೆ ಒಂದೊಂದರಲ್ಲಿಯೂ ಪಳಗಲು ವರ್ಷಗಳ ಸಾಧನೆ ಬೇಕು.

ಕಡೆಯ ಕೆಲಸವೇ ಬಿದರಿಯ ಗುಟ್ಟು. ಬೆಳ್ಳಿ ಕೂರಿಸಿ ಉಜ್ಜಿದ ಪಾತ್ರೆಯಲ್ಲಿ ಮೊದಲು ಸವರಿದ ಕಪ್ಪು ಅಳಿದುಹೋಗಿರುತ್ತದೆ. ಬೂದು ಲೋಹ, ಬಿಳಿ ಬೆಳ್ಳಿ ಎರಡೂ ಒಂದರೊಡನೊಂದು ಬೆರೆತಂತೆ ಕಾಣುತ್ತವೆ. ಚಿತ್ತಾರ ಎದ್ದು ತೋರುವುದಿಲ್ಲ. ಆಗ ಬೀದರದ ಕೋಟೆಯ ಮಣ್ಣು ಬೇಕಾಗುತ್ತದೆ. ಮಳೆ ಬಿಸಿಲುಗಳು ತಾಗದ ಹಳೆಯ ಕಟ್ಟಡಗಳ ಒಳಭಾಗದಿಂದ ಈ ಮಣ್ಣನ್ನು ತರುತ್ತಿದ್ದರು. ಅನುಭವಿಗಳು ನಾಲಗೆಯ ತುದಿಯಿಂದ ರುಚಿ ನೋಡಿ ಅದರ ಗುಣವನ್ನು ಹೇಳುತ್ತಾರೆ. ಮಣ್ಣಿಗೆ ನವಸಾಗರವನ್ನು ಸೇರಿಸಿ ನೀರಿನಲ್ಲಿ ಕುದಿಸುತ್ತಾರೆ. ತುಸು ಬೆಚ್ಚಗೆ ಮಾಡಿದ ಪಾತ್ರೆಯನ್ನು ಆ ನೀರಿನಲ್ಲಿ ಅದ್ದಿದಾಗ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣಿನಲ್ಲಿರುವ ಲವಣಾಂಶವೂ ಮಿಶ್ರಲೋಹದಲ್ಲಿರುವ ತಾಮ್ರದ ಅಲ್ಪಾಂಶವೂ ಇದಕ್ಕೆ ಕಾರಣ. 16 ಭಾಗ ಸತುವಿನ ಜೊತೆಯಲ್ಲಿ ಆ 1 ಭಾಗ ತಾಮ್ರ ಇಲ್ಲದಿದ್ದರೆ ಅಂಥ ಗಾಢವಾದ ಕಪ್ಪು ಕೂಡಿಬರುವುದಿಲ್ಲ. ಅಳತೆಯಲ್ಲಿ ಅಲ್ಪವಾದುದು ಬೆಲೆಯಲ್ಲಿ ಅಲ್ಪವಲ್ಲವೆಂಬ ಪಾಠವನ್ನು ಲೋಹವೂ ಕಲಿಸುತ್ತದೆ.

ಇಷ್ಟು ಕೈಗಳನ್ನು ದಾಟಿ ಬರುವ ಕೆಲಸದಲ್ಲಿ ಸ್ನೇಹವೆಂದರೆ ಕೇವಲ ನಗುಮಾತಲ್ಲ. ಎರಕದಲ್ಲಿ ಗಾಳಿಯ ಗುಳ್ಳೆಯೊಂದು ಉಳಿದರೆ ಕೆತ್ತುವವನ ಉಳಿ ಅಲ್ಲಿ ಜಾರುತ್ತದೆ. ಕೆತ್ತಿದ ಸಂದು ಆಳವಾಗದಿದ್ದರೆ ಕೂರಿಸಿದ ಬೆಳ್ಳಿ ಕೆಲವು ಕಾಲದ ಮೇಲೆ ಎದ್ದುಬರುತ್ತದೆ. ಆ ದೋಷ ಕೊಳ್ಳುವವನ ಕಣ್ಣಿಗೆ ಅಂದು ಕಾಣುವುದಿಲ್ಲ. ಜೊತೆಯಲ್ಲಿ ದುಡಿಯುವವನ ಬೆರಳಿಗೆ ಒಡನೆ ತಿಳಿಯುತ್ತದೆ. ತಿಳಿದೂ ಸುಮ್ಮನಿರುವುದು ಸುಲಭ. 'ಅಣ್ಣಾ, ಇದನ್ನು ಇನ್ನೊಮ್ಮೆ ನೋಡು' ಎಂದು ಹೇಳುವುದು ಕಷ್ಟ. ಹೇಳಿದಾಗ ಮುನಿಯದೆ ತಿದ್ದಿಕೊಳ್ಳುವುದು ಅದಕ್ಕಿಂತಲೂ ಕಷ್ಟ. ಈ ಎರಡು ಕಷ್ಟಗಳನ್ನು ದಾಟಿದವರು ನಿಜವಾದ ಸಂಗಾತಿಗಳು. ಗಾವಾನನ ಜೊತೆಗಾರರು ಮುದ್ರೆಯ ಹಿಂದೆ ಸುಳ್ಳನ್ನು ಬಚ್ಚಿಟ್ಟರು. ಕಾರ್ಖಾನೆಯ ಒಳ್ಳೆಯ ಜೊತೆಗಾರ ಹೊಳಪಿನ ಹಿಂದೆ ದೋಷ ಅಡಗಿರಲು ಬಿಡುವುದಿಲ್ಲ. ಬಾಲ್ಯದ ಗೆಳೆತನ ಆಟದಲ್ಲಿ ಹುಟ್ಟಿದರೆ, ದುಡಿಮೆಯ ಗೆಳೆತನ ಒಬ್ಬರ ಕೆಲಸವನ್ನೊಬ್ಬರು ಗೌರವಿಸುವುದರಲ್ಲಿ ಹುಟ್ಟುತ್ತದೆ.

ಹೀಗೆ ತಯಾರಾದ ವಸ್ತು ಕೊಳ್ಳುವವರ ಕೈ ಸೇರಬೇಕು. ಹಿಂದೆ ಅರಸರೂ ಸರದಾರರೂ ಹುಕ್ಕದ ಬುಡ, ತಟ್ಟೆ, ಪನ್ನೀರುದಾನಿ, ವೀಳ್ಯದ ಪೆಟ್ಟಿಗೆಗಳನ್ನು ಹೇಳಿ ಮಾಡಿಸುತ್ತಿದ್ದರು. ಅಂಥ ವಸ್ತುಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಇವೆ. ಸ್ವಾತಂತ್ರ್ಯಾನಂತರ ಸರ್ಕಾರದ ಪ್ರೋತ್ಸಾಹ ದೊರೆಯಿತು. 1964ರಲ್ಲಿ ಸ್ಥಾಪನೆಯಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ 'ಕಾವೇರಿ' ಮಳಿಗೆಗಳಲ್ಲಿ ಬಿದರಿಗೆ ಸ್ಥಾನ ಸಿಕ್ಕಿತು. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಲಭಿಸಿತು. ಒಂದು ಪ್ರದೇಶದ ಮಣ್ಣು, ನೀರು, ಕೌಶಲಗಳಿಂದ ಗುಣ ಪಡೆದ ವಸ್ತುವಿನ ಹೆಸರನ್ನು ಅನ್ಯರು ದುರುಪಯೋಗ ಮಾಡದಂತೆ ಈ ಕಾನೂನು ಕಾಪಾಡುತ್ತದೆ. ಬೀದರದ ಹಿರಿಯ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತದ್ದು ಒಬ್ಬರಿಗೆ ಸಂದ ಗೌರವವಷ್ಟೇ ಅಲ್ಲ, ಒಂದು ಕಸುಬಿಗೇ ಸಂದ ಗೌರವ.

ಈಗ ವ್ಯಾಪಾರದ ರೀತಿ ಬದಲಾಗಿದೆ. ಮನೆಯಲ್ಲಿ ಕುಳಿತು ಮೊಬೈಲಿನ ಪರದೆಯ ಮೇಲೆ ಚಿತ್ರವನ್ನು ನೋಡಿ, ಬೆರಳಿನಿಂದ ಒತ್ತಿ, ಹಣ ಸಲ್ಲಿಸಿದರೆ ವಸ್ತು ಬಾಗಿಲಿಗೆ ಬರುತ್ತದೆ. ಇದನ್ನು ಆನ್‌ಲೈನ್ ಖರೀದಿ ಎನ್ನುತ್ತಾರೆ. ಕುಶಲಕರ್ಮಿಗೆ ಇದರಿಂದ ಆಗುವ ಅನುಕೂಲ ಸಣ್ಣದಲ್ಲ. ಪ್ರವಾಸಿಗರು ಬರದ ಮಳೆಗಾಲದಲ್ಲಿಯೂ ಓಣಿಯ ಕಾರ್ಖಾನೆಗೆ ಬೆಂಗಳೂರಿನಿಂದಲೋ ದೂರದೇಶದಿಂದಲೋ ಬೇಡಿಕೆ ಬರಬಹುದು. ನಡುವಿನ ದಲ್ಲಾಳಿಗೆ ಹೋಗುವ ಹಣ ದುಡಿದವನ ಕೈಯಲ್ಲೇ ಉಳಿಯಬಹುದು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಪರದೆಯು ಬಣ್ಣವನ್ನು ತೋರಿಸಬಲ್ಲದು, ಭಾರವನ್ನು ತೋರಿಸಲಾರದು. ಸತುವಿನ ಪಾತ್ರೆ ಕೈಗೆ ತೂಕವಾಗಿರುತ್ತದೆ. ಅಷ್ಟೇ ಗಾತ್ರದ ಅಲ್ಯುಮಿನಿಯಮ್ಮಿಗಿಂತ ಸತುವಿನ ಭಾರ ಎರಡೂವರೆ ಪಟ್ಟಿಗೂ ಹೆಚ್ಚು. ಹಗುರವಾದ ಲೋಹಕ್ಕೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಬಿಳಿಯ ಚಿತ್ತಾರವನ್ನು ಒತ್ತಿದರೂ ಚಿತ್ರದಲ್ಲಿ ಅದು ಬಿದರಿಯಂತೆಯೇ ಕಾಣಬಹುದು. ಅಂಥ ವಸ್ತುವನ್ನು ಬಿದರಿಯ ಹೆಸರಿನಲ್ಲಿ ಅಗ್ಗವಾಗಿ ಮಾರಿದರೆ ಕೊಂಡವನಿಗೆ ಒಂದು ನಷ್ಟ, ಕುಶಲಕರ್ಮಿಗೆ ಎರಡು ನಷ್ಟ: ಅವನ ಕೂಲಿಯೂ ಹೋಯಿತು, ಅವನ ಕಲೆಯ ಹೆಸರೂ ಕೆಟ್ಟಿತು. ಇಂಥ ಪೆಟ್ಟಿಗೆ ಮತ್ತೆ ಮತ್ತೆ ಸಿಕ್ಕ ಮನೆಯ ಮಗನು ಉಳಿಯನ್ನು ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋದರೆ, ಐದು ನೂರು ವರ್ಷಗಳ ವಿದ್ಯೆ ಆ ಮನೆಯಲ್ಲಿ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ದೂರದಿಂದ ಕೊಳ್ಳುವವನಿಗೆ ಎಚ್ಚರ ಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಹಿರಿಯರ ಮಾತು. ಪ್ರತ್ಯಕ್ಷವಾಗಿ ಕಾಣದುದನ್ನು ಇನ್ನೆಷ್ಟು ಪ್ರಮಾಣಿಸಬೇಕು! ವಸ್ತುವಿನ ತೂಕ, ಲೋಹ, ತಯಾರಾದ ಸ್ಥಳ, ತಯಾರಿಸಿದವರ ಹೆಸರುಗಳನ್ನು ಕೇಳಿ ತಿಳಿಯಬೇಕು. ಭೌಗೋಳಿಕ ಸೂಚಿಕೆಯನ್ನು ಬಳಸಲು ನೋಂದಾಯಿತರಾದವರೋ ಎಂದು ವಿಚಾರಿಸಬೇಕು. ಬಿಲ್ಲನ್ನು ಪಡೆದು ಕಾದಿರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಮತ್ತು ಅದರಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದ ಸಂಸ್ಥೆಯು ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿಯನ್ನು ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣ ಸಲ್ಲಿಸುವ ಗುಪ್ತಸಂಖ್ಯೆಯನ್ನಾಗಲಿ ಮೊಬೈಲಿಗೆ ಬರುವ ಓಟಿಪಿಯನ್ನಾಗಲಿ ಯಾರಿಗೂ ಹೇಳಬಾರದು. ಅವು ಈ ಕಾಲದ ಮುದ್ರೆಗಳು. ಬರಿಯ ಕಾಗದದ ಮೇಲೆ ಬಿದ್ದ ಮುದ್ರೆಯೊಂದು ಗಾವಾನನ ಪ್ರಾಣವನ್ನೇ ತೆಗೆಯಿತೆಂಬುದನ್ನು ಮರೆಯಬಾರದು.

ಕೊಳ್ಳುವವನಿಗೆ ಎಚ್ಚರವಿದ್ದಂತೆ ನೋಡುವವನಿಗೂ ಹೊಣೆಯಿದೆ. ಕೋಟೆಯ ಗೋಡೆಯ ಮೇಲೆ ಹೆಸರನ್ನು ಕೆತ್ತುವವರು, ಚಿಪ್ಪಿನ ಚೂರನ್ನು ಉಗುರಿನಿಂದ ಕೀಳುವವರು ಇಂದಿಗೂ ಇಲ್ಲದಿಲ್ಲ. ಸಂರಕ್ಷಿತ ಸ್ಮಾರಕಗಳನ್ನು ಕೆಡಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ಶಿಕ್ಷೆಯ ಭಯಕ್ಕಿಂತ ಮಿಗಿಲಾದುದು ನಾಚಿಕೆ. ರಂಗೀನ್ ಮಹಲಿನಲ್ಲಿ ಕಲ್ಲನ್ನು ಕೊರೆದವನು ತಿಂಗಳುಗಟ್ಟಲೆ ದುಡಿದು ಬಳ್ಳಿಯನ್ನು ಬಿಡಿಸಿದನು. ತನ್ನ ಹೆಸರನ್ನು ಬಿಟ್ಟುಹೋಗಲಿಲ್ಲ. ಏನನ್ನೂ ಮಾಡದವನು ಅರೆಗಳಿಗೆಯಲ್ಲಿ ತನ್ನ ಹೆಸರನ್ನು ಗೀಚಿ ಹೋಗುವುದು ಯಾವ ನ್ಯಾಯ?

ಬಿದರಿಯ ಪುಟ್ಟ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದಾಗ ಎರಕದವನ ಬೆವರು, ಚಿತ್ರಕಾರನ ಕಲ್ಪನೆ, ಕೆತ್ತುವವನ ತಾಳ್ಮೆ, ಬೆಳ್ಳಿ ಕೂರಿಸುವವನ ಹದ, ಕೋಟೆಯ ಮಣ್ಣಿನ ಗುಣ ಎಲ್ಲವೂ ಒಟ್ಟಿಗೆ ಕೈಗೆ ಬರುತ್ತವೆ. ಅದನ್ನು ಅಂಗಡಿಯಲ್ಲಿ ಕೊಂಡರೂ ಪರದೆಯ ಮೇಲೆ ನೋಡಿ ತರಿಸಿಕೊಂಡರೂ, ವಿಚಾರಿಸಿ, ನ್ಯಾಯವಾದ ಬೆಲೆಯನ್ನು ಕೊಟ್ಟು ಕೊಂಡವನು ಆ ಕಾರ್ಖಾನೆಯ ಕೊನೆಯ ಸಂಗಾತಿಯಾಗುತ್ತಾನೆ. ಅವನ ಕೈಯೂ ಕೂಡಿದಾಗಲೇ ಆ ಕೆಲಸ ಪೂರ್ಣವಾಗುತ್ತದೆ.

ಪದಗಳ ಅರ್ಥ

ಜಂಬಿಟ್ಟಿಗೆ – ಕೆಂಪು ಬಣ್ಣದ, ರಂಧ್ರಗಳುಳ್ಳ ಕಲ್ಲು
ಕಂದಕ – ಕೋಟೆಯ ಸುತ್ತ ತೋಡಿದ ಅಗಳು
ಬುರುಜು – ಕಾವಲಿಗಾಗಿ ಕಟ್ಟಿದ ಎತ್ತರದ ಗೋಪುರ
ಕುಸುರಿ – ನಾಜೂಕಾದ ಸೂಕ್ಷ್ಮ ಕೆಲಸ
ಅರ – ಲೋಹವನ್ನು ಉಜ್ಜುವ ಉಪಕರಣ
ಮೈಲುತುತ್ತ – ತಾಮ್ರದಿಂದಾದ ನೀಲಿ ಬಣ್ಣದ ಲವಣ
ಪ್ರತೀತಿ – ಜನರಲ್ಲಿ ಬಳಕೆಯಲ್ಲಿರುವ ನಂಬಿಕೆ
ಪ್ರಮಾಣಿಸು – ಪರೀಕ್ಷಿಸಿ ನಿಜವನ್ನು ತಿಳಿ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬೀದರಕ್ಕೆ ರಾಜಧಾನಿಯನ್ನು ವರ್ಗಾಯಿಸಿದ ಸುಲ್ತಾನನಾರು?
2. ಮಹಮೂದ್ ಗಾವಾನನು ಮದರಸಾವನ್ನು ಯಾವ ವರ್ಷದಲ್ಲಿ ಕಟ್ಟಿಸಿದನು?
3. ಬಿದರಿಯ ಮಿಶ್ರಲೋಹದಲ್ಲಿ ಯಾವ ಯಾವ ಲೋಹಗಳಿವೆ?
4. ಬಿದರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಎಂದು ದೊರೆಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಂಗೀನ್ ಮಹಲಿನ ಕೆಲಸಕ್ಕೂ ಬಿದರಿಗೂ ಇರುವ ಹೋಲಿಕೆ ಯಾವುದು?
2. ಗಾವಾನನ ವಿರೋಧಿಗಳು ಹೂಡಿದ ಸಂಚೇನು?
3. ಬಿದರಿಯ ಪಾತ್ರೆ ಕೊನೆಯಲ್ಲಿ ಕಪ್ಪಾಗುವುದು ಹೇಗೆ?

ಇ. ವಿವರಿಸಿ ಬರೆಯಿರಿ.
1. 'ದುಡಿಮೆಯ ಗೆಳೆತನ ಒಬ್ಬರ ಕೆಲಸವನ್ನೊಬ್ಬರು ಗೌರವಿಸುವುದರಲ್ಲಿ ಹುಟ್ಟುತ್ತದೆ.' ಈ ಮಾತನ್ನು ಬಿದರಿಯ ಕಾರ್ಖಾನೆಯ ಉದಾಹರಣೆಯಿಂದ ಸಮರ್ಥಿಸಿರಿ.
2. ದೂರದಿಂದ ವಸ್ತುವನ್ನು ಕೊಳ್ಳುವವರು ಯಾವ ಎಚ್ಚರಿಕೆಗಳನ್ನು ವಹಿಸಬೇಕು? ಏಕೆ?

ಈ. ಈ ಗಾದೆಗಳನ್ನು ವಿಸ್ತರಿಸಿ ಬರೆಯಿರಿ.
1. ಬೆಳ್ಳಗಿರುವುದೆಲ್ಲ ಹಾಲಲ್ಲ.
2. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು.

ಉ. ಮಾಡಿ ನೋಡಿರಿ.
ನಿಮ್ಮ ಊರಿನ ಕುಶಲಕರ್ಮಿಯೊಬ್ಬರನ್ನು ಕಂಡು, ಅವರು ಮಾಡುವ ಒಂದು ವಸ್ತು ಎಷ್ಟು ಹಂತಗಳನ್ನು ದಾಟಿ ಸಿದ್ಧವಾಗುತ್ತದೆ, ಒಂದೊಂದು ಹಂತದಲ್ಲಿ ಯಾರು ಯಾರು ದುಡಿಯುತ್ತಾರೆ ಎಂಬುದನ್ನು ಕೇಳಿ ತಿಳಿದು ಬರೆಯಿರಿ.